ಒಂಬತ್ತು ಹೆಂಗಸರು, ಎರಡು ಖೋಲಿ, ಸೊಲ್ಲಾಪುರ

“ಇಂವ ಭಾಳ ಹೇಳಾಕತ್ತಾನ. ಸುಮ್ನ ಮುಖ ಗಂಟು ಹಾಕ್ಕೊಂಡು ಹೊರಗ ನಡಿ. ತಾನ ಕರೀತಾನ.”

ಇಂಡಿಯಿಂದ ಬಂದಿದ್ದ ನನ್ನ ಶಾಲೆಯ ಗೆಳತಿ ನನ್ನ ಕಿವಿಯಲ್ಲಿ ಹೇಳಿದ್ದು ಇದು. ಅಲ್ಲಿಯವರೆಗೆ ನಾವಿಬ್ಬರೂ ಮರಾಠಿಯಲ್ಲಿ ಚೌಕಾಶಿ ಮಾಡುತ್ತಿದ್ದೆವು. ಕೌಂಟರಿನ ಹಿಂದೆ ಕೂತಿದ್ದ ಮ್ಯಾನೇಜರ್ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. “ಹೋಗ್ರಿ ಅಕ್ಕಾರ. ಆದ್ರ ನಾ ಕರಿಯಂಗಿಲ್ಲ” ಅಂದರು.

ಸೊಲ್ಲಾಪುರದಲ್ಲಿ ಕನ್ನಡದಲ್ಲಿ ಗುಟ್ಟು ಮಾತಾಡಬಾರದು. ಮೂವತ್ತು ವರ್ಷದಿಂದ ಹೋಗಿಬರುವ ಊರು, ಗೊತ್ತಿರಬೇಕಿತ್ತು. ಮೂವರೂ ನಕ್ಕೆವು. 1,800 ಹೇಳಿದ್ದ ನಾಲ್ಕು ಮಂಚದ ಖೋಲಿ 1,600ಕ್ಕೆ ಬಂತು.

ಲಾಡ್ಜಿನ ಹೆಸರು ನಾನು ಬರೆಯುವುದಿಲ್ಲ. ಮುಂದೆ ಒಂದು ನೀರಿನ ಕಥೆ ಬರುತ್ತದೆ, ಅದನ್ನು ಬಿಟ್ಟು ಬರೆದರೆ ಸುಳ್ಳು ಬರೆದ ಹಾಗಾಗುತ್ತದೆ. ಹೆಸರು ಹಾಕಿ ಬರೆದರೆ ಆ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದ ಹಾಗಾಗುತ್ತದೆ. ನವಿ ಪೇಠ ಕಡೆಯ ಹಳೆಯ ಮೂರಂತಸ್ತಿನ ಲಾಡ್ಜು ಅಂದರೆ ಸಾಕು. ಆ ತರಹದವು ಅಲ್ಲಿ ಇನ್ನೂ ಇವೆ. ಯಾವುದಕ್ಕೆ ಹೋದರೂ ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ನಮಗೆ ಆಗ ಗೊತ್ತಿದ್ದರೆ ಚೆನ್ನಾಗಿತ್ತು.

ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವಳು. ಉಮದಿ ಹತ್ತಿರದ ಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಲೈನಿಂಗ್ ಬಟ್ಟೆ, ಲೇಸು, ದಾರ ತರಲು ತಿಂಗಳಿಗೊಮ್ಮೆ ಸೊಲ್ಲಾಪುರಕ್ಕೆ ಹೋಗುತ್ತೇನೆ. ಬೆಳಿಗ್ಗೆ ಎಸ್‌ಟಿ (ಮಹಾರಾಷ್ಟ್ರದ ಸರಕಾರಿ ಬಸ್ಸು) ಹತ್ತುವುದು, ಸಂಜೆ ಎಸ್‌ಟಿಗೆ ವಾಪಸ್. ಊರಿನ ಅಂಗಡಿಗಳೆಲ್ಲ ಗೊತ್ತು, ಒಂದು ರಾತ್ರಿಯೂ ತಂಗಿದವಳಲ್ಲ. ಹೋದ ವರ್ಷ ನಮ್ಮ ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಗೆಳತಿಯರೆಲ್ಲ ವಾಟ್ಸಾಪಿನಲ್ಲಿ ಸೇರಿದೆವು. ಎರಡು ರಾತ್ರಿ ಎಲ್ಲಾದರೂ ಒಟ್ಟಿಗೆ ಇರೋಣ ಅಂತ ಆಯಿತು. ಗಂಡ, ಮಕ್ಕಳು ಬೇಡ. ಒಂಬತ್ತು ಜನ. ಜತ್ತ ತಾಲ್ಲೂಕಿನಲ್ಲೇ ಉಳಿದವರು ನಾವು ನಾಲ್ವರು. ಇಬ್ಬರು ವಿಜಯಪುರಕ್ಕೆ ಕೊಟ್ಟವರು. ಒಬ್ಬಳು ಇಂಡಿ, ಒಬ್ಬಳು ಕಲಬುರಗಿ, ಒಬ್ಬಳು ಪುಣೆ.

ಮಹಾಬಳೇಶ್ವರ ಅಂದಳು ಪುಣೆಯವಳು. ಖರ್ಚು ಕೇಳಿ ಎಲ್ಲರೂ ಮೌನ. ಗೋವಾ ಅಂದಳು ಕಲಬುರಗಿಯವಳು. ಅದಕ್ಕೆ ಮನೆಯಲ್ಲಿ ಒಪ್ಪಿಗೆ ಯಾರು ಕೇಳುತ್ತಾರೆ? ಆಮೇಲೆ ನಾನೇ ಸೊಲ್ಲಾಪುರ ಅಂದೆ. ಎಲ್ಲರೂ ಬೈದರು. ಬಟ್ಟೆ ತರುವ ಊರಿಗೆ ಯಾರಾದರೂ ಟ್ರಿಪ್ ಹೋಗುತ್ತಾರಾ? ಆದರೆ ನಕ್ಷೆ ನೋಡಿ. ವಿಜಯಪುರದವರಿಗೂ ಇಂಡಿಯವಳಿಗೂ ಹೋಟಗಿ ಮೇಲೆ ಬರುವ ರೈಲಿದೆ. ಕಲಬುರಗಿಯಿಂದ ಮುಂಬೈ ಕಡೆಯ ಗಾಡಿಗಳೆಲ್ಲ ಸೊಲ್ಲಾಪುರದ ಮೇಲೆಯೇ ಹೋಗುತ್ತವೆ. ಪುಣೆಯವಳಿಗೆ ಹುತಾತ್ಮಾ ಎಕ್ಸ್‌ಪ್ರೆಸ್. ನಮಗೆ ಮಂಗಳವೇಢೆ ಮೇಲೆ ಎಸ್‌ಟಿ, ಅದೂ ಅರ್ಧ ಟಿಕೆಟ್. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ದರ. ನಮ್ಮದು ಪೂರಾ ಪುಕ್ಕಟೆ ಅಂತ ವಿಜಯಪುರದವರು ಜಂಭ ಮಾಡಿದರು. ಶಕ್ತಿ ಟಿಕೆಟ್ಟು ಗಡಿ ದಾಟುವುದಿಲ್ಲ ಅಂತ ಗೊತ್ತಾದ ಮೇಲೆ ಅವರೂ ರೈಲಿಗೇ ಬಂದರು.

ಊರು ಮುಗಿಯಿತು. ಇಳಿಯುವುದು ಎಲ್ಲಿ?

ಮೊದಲು ಪುಣೆಯವಳು ಆ್ಯಪ್‌ನಲ್ಲಿ ಒಂದು ಫ್ಲ್ಯಾಟ್ ಹುಡುಕಿದಳು. ಮೂರು ಬೆಡ್‌ರೂಮು, ಅಡುಗೆಮನೆ, ದೊಡ್ಡ ಟಿವಿ. ಫೋಟೋ ನೋಡಿ ಎಲ್ಲರೂ ಹೃದಯದ ಗುರುತು ಒತ್ತಿದರು. ರಾತ್ರಿಗೆ 5,500. ಕೊನೆಯ ಪುಟಕ್ಕೆ ಹೋದರೆ ಸ್ವಚ್ಛ ಮಾಡುವ ಖರ್ಚು, ಆ್ಯಪ್‌ನವರ ಶುಲ್ಕ, ತೆರಿಗೆ ಎಲ್ಲ ಸೇರಿ ಎರಡು ರಾತ್ರಿಗೆ 13,000 ದಾಟಿತು. ಅದನ್ನೂ ಒಪ್ಪಬಹುದಿತ್ತು. ಆದರೆ ಫ್ಲ್ಯಾಟ್ ಇದ್ದದ್ದು ವಿಜಾಪುರ ರಸ್ತೆಯಲ್ಲಿ, ಜುಳೆ ಸೊಲ್ಲಾಪುರ ಬಡಾವಣೆಯನ್ನೂ ದಾಟಿ. ಒಂಬತ್ತು ಜನ ಅಂದರೆ ಮೂರು ರಿಕ್ಷಾ. ಒಂದು ಸಲ ಊರೊಳಗೆ ಬರಲು ಮೂರಕ್ಕೂ ಸೇರಿ 400 ಹಿಡಿಯಿರಿ. ಎರಡು ದಿನಕ್ಕೆ ಆರು ಸಲ ಓಡಾಡಿದರೆ 2,400. ದುಡ್ಡಿಗಿಂತ ಜಾಸ್ತಿ ತಲೆನೋವು ಇನ್ನೊಂದು. ಮಧ್ಯಾಹ್ನ ಮಂಡಿ ನೋವು ಅಂತ ಒಬ್ಬಳು ವಾಪಸ್ ಹೋಗಬೇಕೆಂದರೆ ಒಬ್ಬಳನ್ನೇ ಅಷ್ಟು ದೂರ ಕಳಿಸಬೇಕು. ಅವಳ ಜೊತೆಗೊಬ್ಬಳು, ಅವಳಿಗೆ ಬೇಜಾರಾಗಬಾರದು ಅಂತ ಮತ್ತೊಬ್ಬಳು. ಅಲ್ಲಿಗೆ ಗುಂಪು ಒಡೆಯಿತು.

ಆಮೇಲೆ ಹೋಟೆಲ್ ಆ್ಯಪ್. 899ಕ್ಕೆ ಖೋಲಿ! ಆದರೆ ಅದು ಇಬ್ಬರಿಗೆ. ಒಂಬತ್ತು ಜನಕ್ಕೆ ಐದು ಖೋಲಿ, ರಾತ್ರಿಗೆ 4,495, ಅದರ ಮೇಲೆ ತೆರಿಗೆ. ಆ ಐದು ಒಂದೇ ಮಾಳಿಗೆಯಲ್ಲಿ ಸಿಗುತ್ತವೆ ಅನ್ನುವ ಗ್ಯಾರಂಟಿಯೂ ಇಲ್ಲ. ಮಧ್ಯಾಹ್ನ 2ಕ್ಕೆ ಒಳಗೆ, ಬೆಳಿಗ್ಗೆ 11ಕ್ಕೆ ಹೊರಗೆ. ನಮ್ಮ ಎಸ್‌ಟಿ ಬೆಳಿಗ್ಗೆ ಹತ್ತಕ್ಕೇ ಮುಟ್ಟುತ್ತದೆ. ನಾಲ್ಕು ತಾಸು ಚೀಲ ಹಿಡಿದು ಎಲ್ಲಿ ನಿಲ್ಲುವುದು?

ಸ್ಟೇಷನ್ ಕಡೆಯ ಒಂದು ಲಾಡ್ಜಿಗೆ ಫೋನ್ ಮಾಡಿದೆ. ಎಷ್ಟು ಜನ ಅಂತ ಕೇಳಿದರು, ಹೇಳಿದೆ. “ಜೊತೆಗೆ ಗಂಡಸರು ಯಾರು?” ಯಾರೂ ಇಲ್ಲ ಅಂದೆ. “ಖೋಲಿ ಖಾಲಿ ಇಲ್ಲ.” ಅರ್ಧ ನಿಮಿಷದ ಹಿಂದೆ ಖಾಲಿ ಇತ್ತು. ಐವತ್ತಕ್ಕೆ ಹತ್ತಿರವಾದ ಒಂಬತ್ತು ಹೆಂಗಸರು ಬಂದು ಇವರ ಲಾಡ್ಜಿನಲ್ಲಿ ಏನು ಮಾಡುತ್ತಾರೆ ಅಂದುಕೊಂಡರೋ ಏನೋ. ಇದನ್ನು ಗುಂಪಿನಲ್ಲಿ ಹಾಕಿದಾಗ ಕಲಬುರಗಿಯವಳು ಬರೆದ ಉತ್ತರವನ್ನು ಇಲ್ಲಿ ಬರೆಯಲಾಗುವುದಿಲ್ಲ.

ಅಕ್ಕಲಕೋಟೆಯ ಯಾತ್ರಿ ನಿವಾಸವನ್ನೂ ಯೋಚಿಸಿದೆವು. ಸ್ವಾಮಿ ಸಮರ್ಥರ ಊರು, ಅನ್ನಛತ್ರದಲ್ಲಿ ಊಟ, ದೊಡ್ಡ ಗುಂಪುಗಳನ್ನು ನೋಡಿ ಅಭ್ಯಾಸ ಇರುವ ಜನ. ಆದರೆ ಅದು ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್. ಅಲ್ಲಿ ಉಳಿದರೆ ಅಕ್ಕಲಕೋಟೆ ಟ್ರಿಪ್ ಆಗುತ್ತದೆ.

ಹೀಗಾಗಿ ಫೋನು ಸಾಕು ಅನ್ನಿಸಿತು. ನವೆಂಬರಿನಲ್ಲಿ ಲೈನಿಂಗ್ ಬಟ್ಟೆಗೆ ಹೋದಾಗ ಇಂಡಿಯವಳನ್ನು ಸ್ಟೇಷನ್ನಿಗೆ ಕರೆಸಿಕೊಂಡು ಇಬ್ಬರೂ ನಡೆದುಕೊಂಡು ಹುಡುಕಿದೆವು. ಐದು ಲಾಡ್ಜಿನ ಮೆಟ್ಟಿಲು ಹತ್ತಿದೆವು. ಎರಡರಲ್ಲಿ ಮೂಗು ಮುಚ್ಚಿಕೊಂಡೇ ಇಳಿದೆವು. ಒಂದರಲ್ಲಿ ಖೋಲಿ ಒಳ್ಳೆಯದಿತ್ತು, ಕೆಳಗೆ ಬಾರ್ ಇತ್ತು. ನಾಲ್ಕನೆಯದು ದುಬಾರಿ. ಐದನೆಯದು ಈ ಮ್ಯಾನೇಜರರದು.

ನಾಲ್ಕು ಮಂಚದ ಎರಡು ಖೋಲಿ, ಎದುರುಬದುರು, ಎರಡನೇ ಮಾಳಿಗೆ. ಒಂಬತ್ತನೆಯವಳಿಗೆ ಒಂದು ಗಾದಿ, ಅದಕ್ಕೆ 250. ರಾತ್ರಿಗೆ 3,450. ಎರಡು ರಾತ್ರಿಗೆ 6,900, 5% ಜಿಎಸ್‌ಟಿ ಸೇರಿ 7,245. ತಲೆಗೆ 805 ರೂಪಾಯಿ. ಎರಡು ರಾತ್ರಿಗೆ ಸೇರಿ! ಈ ಲೆಕ್ಕವನ್ನು ನಾನು ಗುಂಪಿನಲ್ಲಿ ಮೂರು ಸಲ ಹಾಕಿದೆ, ಯಾರೂ ನಂಬಲಿಲ್ಲ.

ಇನ್ನೊಂದು ಒಳ್ಳೆಯದು, 24 ತಾಸಿನ ಲೆಕ್ಕ. ಹಳೆಯ ಲಾಡ್ಜುಗಳಲ್ಲಿ ಇದು ಇನ್ನೂ ಉಳಿದಿದೆ. ನೀವು ಶನಿವಾರ ಹತ್ತೂವರೆಗೆ ಒಳಗೆ ಹೋದರೆ ಸೋಮವಾರ ಹತ್ತೂವರೆವರೆಗೆ ಖೋಲಿ ನಿಮ್ಮದು. ಇದನ್ನು ಬಾಯಿಬಿಟ್ಟು ಕೇಳಬೇಕು, ರಿಜಿಸ್ಟರಿನಲ್ಲಿ ಸಮಯ ಬರೆಯುವುದನ್ನು ನಿಂತು ನೋಡಬೇಕು. ಒಂಬತ್ತು ಜನರ ಆಧಾರ್ ಝೆರಾಕ್ಸ್ ಮೊದಲೇ ಮಾಡಿಸಿಕೊಂಡು ಹೋಗಿ. ನಾವು ಒಯ್ಯದೆ ಕೌಂಟರಿನ ಮುಂದೆ ಅರ್ಧ ತಾಸು ನಿಂತೆವು.

ಈಗ ಖೋಲಿಯ ವಿಷಯ. ಗೋಡೆಗೆ ಹಸಿರು ಬಣ್ಣ, ಆಸ್ಪತ್ರೆ ಹಸಿರು. ನೆಲ ಸ್ವಚ್ಛ. ಫ್ಯಾನಿಗೆ ಎರಡೇ ವೇಗ, ನಿಂತದ್ದು ಮತ್ತು ವಿಮಾನ. ಡಿಸೆಂಬರ್ ಆದ್ದರಿಂದ ಬೇಕಾಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎಸಿ ಇಲ್ಲದೆ ಸೊಲ್ಲಾಪುರದಲ್ಲಿ ಮಲಗುತ್ತೇವೆ ಅನ್ನುವವರಿಗೆ ನನ್ನ ನಮಸ್ಕಾರ. ಚಾರ್ಜ್ ಮಾಡಲು ಖೋಲಿಗೆ ಎರಡು ಪ್ಲಗ್ಗು, ಫೋನು ಐದು. ಒಂದು ಎಕ್ಸ್‌ಟೆನ್ಷನ್ ಬೋರ್ಡು ಒಯ್ಯಿರಿ. ದಿಂಬಿನ ವಾಸನೆಗೆ ಮಾತ್ರ ನಾನು ಕ್ಷಮಿಸಲಾರೆ. ಎಣ್ಣೆ ತಲೆಗಳ ಹತ್ತು ವರ್ಷದ ಇತಿಹಾಸ ಅದರಲ್ಲಿತ್ತು. ನನ್ನ ಸೀರೆಯನ್ನೇ ಸುತ್ತಿ ಮಲಗಿದೆ.

ಮತ್ತೆ ಹೊದಿಕೆ. ಇದು ಚಾದರದ ಊರು. ಸೊಲ್ಲಾಪುರ ಚಾದರ ಅಂದರೆ ಜಿಐ ಟ್ಯಾಗ್ (ಈ ಊರಿನದೇ ಅನ್ನುವ ಸರಕಾರದ ಗುರುತು) ಇರುವ ವಸ್ತು, ನಮ್ಮ ಕಡೆ ಮದುವೆಗೆ, ಬಾಣಂತಿಗೆ ಕೊಡುವಂಥದ್ದು. ತೊಳೆದಷ್ಟೂ ಮೆತ್ತಗಾಗುತ್ತದೆ. ಲಾಡ್ಜಿನ ಮಂಚದ ಮೇಲೆ ಇದ್ದದ್ದು ಏನು ಗೊತ್ತಾ? ಹುಲಿಯ ಚಿತ್ರ ಇರುವ ಪಾಲಿಯೆಸ್ಟರ್ ರಗ್ಗು. ಮ್ಯಾನೇಜರರನ್ನು ಕೇಳಿದೆ. “ಚಾದರ ಹಾಕಿದ್ರ ಗಿರಾಕಿ ಒಯ್ತಾರ್ರಿ ಅಕ್ಕಾರ. ಹುಲಿ ಯಾರೂ ಒಯ್ಯಂಗಿಲ್ಲ.” ಒಪ್ಪಬೇಕಾದ ಮಾತು.

ಬಚ್ಚಲಿನ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಗುಂಪಿಗೆ ಜಾಗ ಹುಡುಕುವವರು ಮಂಚ ಎಣಿಸುತ್ತಾರೆ, ನಾನೂ ಹಾಗೇ ಮಾಡಿದ್ದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಂಚ ಯಾರಿಗೆ ಬೇಕು? ಖೋಲಿಗೊಂದು ಬಚ್ಚಲು, ಹೊರಗೆ ಮಾಳಿಗೆಯ ಮೂಲೆಯಲ್ಲಿ ಇನ್ನೊಂದು. ಆ ಹೊರಗಿನದರ ಕೀಲಿಯನ್ನು ಮ್ಯಾನೇಜರ್ ನಮಗೇ ಕೊಟ್ಟರು. ಹಾಗಾಗಿ ಮೂರಕ್ಕೆ ಒಂಬತ್ತು. ಶನಿವಾರ ರಾತ್ರಿಯೇ ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆವು. ಪುಣೆಯವಳು ಐದಕ್ಕೇ ಏಳುತ್ತಾಳೆ, ಅವಳದು ಮೊದಲು. ಇಂಡಿಯವಳು ಮುಕ್ಕಾಲು ತಾಸು ಮಾಡುತ್ತಾಳೆ, ಅವಳದು ಕೊನೆಗೆ. ಇನ್ನೊಂದು ಮಾತು. ಎರಡು ಖೋಲಿಯಲ್ಲೂ ಕೂತುಕೊಳ್ಳುವ ಕಮೋಡ್ ಇರಲಿಲ್ಲ, ಹೊರಗಿನ ಬಚ್ಚಲಿನಲ್ಲಿ ಮಾತ್ರ ಇತ್ತು. ನಮ್ಮಲ್ಲಿ ಮಂಡಿ ನೋವಿನವರು ಮೂವರು. ಲಿಫ್ಟೂ ಇಲ್ಲ. ಎರಡನೇ ಮಾಳಿಗೆಗೆ 38 ಮೆಟ್ಟಿಲು, ಪ್ರತಿ ಸಲವೂ ಎಣಿಸಿದ್ದೇನೆ.

ಭಾನುವಾರದ ಕಥೆ. ಆರು ನಲವತ್ತಕ್ಕೆ ನೀರು ನಿಂತಿತು. ಒಂದನೇ ಮಾಳಿಗೆಯಲ್ಲಿ ಮದುವೆಯ ಬೀಗರು ಇಳಿದಿದ್ದರು, ಅವರು ನಮಗಿಂತ ಮೊದಲು ಎದ್ದಿದ್ದರು. ನಮ್ಮ ಮೂರೂ ಬಚ್ಚಲಿನಲ್ಲಿ ಜನ. ವಿಜಯಪುರದ ದೊಡ್ಡವಳು ತಲೆತುಂಬ ಸೀಗೆಕಾಯಿ ಹಚ್ಚಿಕೊಂಡು ಒಳಗಿನಿಂದ ಕೂಗುತ್ತಿದ್ದಾಳೆ. ನಾನು 38 ಮೆಟ್ಟಿಲು ಇಳಿದು ಹೋದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಮ್ಯಾನೇಜರ್ ಆಗಲೇ ಅಂಗಿ ತೋಳು ಮಡಚಿಕೊಂಡು ಎರಡು ಬಕೆಟ್ ಹಿಡಿದು ಮೇಲೆ ಬರುತ್ತಿದ್ದರು, ಹಿಂದೆ ಕೆಲಸದ ಹುಡುಗ ಇನ್ನೆರಡು ಹಿಡಿದಿದ್ದ. ಬೋರಿನ ನೀರು, ಹಿಮದ ಹಾಗಿತ್ತು. ವಿಜಯಪುರದವಳ ಕಿರುಚಾಟ ಬೀಗರಿಗೂ ಕೇಳಿಸಿರಬೇಕು. ಅರ್ಧ ತಾಸಿಗೆ ಮೋಟರು ಹಚ್ಚಿ ಟಾಕಿ ತುಂಬಿದರು. ಆಮೇಲೆ ಒಂಬತ್ತು ಚಹಾ ಬಂತು. ಬಿಲ್ಲಿನಲ್ಲಿ ಅದು ಇರಲಿಲ್ಲ.

ಸೊಲ್ಲಾಪುರಕ್ಕೆ ಭೀಮಾ ನದಿಯ ಉಜನಿ ಅಣೆಕಟ್ಟಿನಿಂದ ನೀರು ಬರುತ್ತದೆ. ಆದರೆ ಊರಿನ ನಲ್ಲಿಗಳಲ್ಲಿ ದಿನಾ ಬರುವುದಿಲ್ಲ. ಜತ್ತದವರಾದ ನಮಗೆ ನೀರಿನ ಪಾಠ ಯಾರೂ ಹೇಳಬೇಕಿಲ್ಲ, ಆದರೂ ಅಷ್ಟು ದೊಡ್ಡ ಊರಲ್ಲವೇ ಅಂತ ಮೈಮರೆತಿದ್ದೆವು. ನೀವು ಖೋಲಿ ನೋಡುವ ಮೊದಲು ಇದನ್ನು ಕೇಳಿ: ಬೋರ್ ಇದೆಯಾ? ಟಾಕಿ ಎಷ್ಟು ದೊಡ್ಡದು? ಆ ದಿನ ಬೇರೆ ಗುಂಪು ಇಳಿಯುತ್ತದಾ? ಬಿಸಿನೀರು ಸೋಲಾರಿನದಾದರೆ ಎಂಟರ ನಂತರ ಆಸೆ ಇಟ್ಟುಕೊಳ್ಳಬೇಡಿ.

ಇಷ್ಟಾದರೂ ಇದೇ ಲಾಡ್ಜಿಗೆ ನಾನು ಮತ್ತೆ ಹೋಗುತ್ತೇನೆ. ಎರಡು ದಿನದಲ್ಲಿ ನಾವು ರಿಕ್ಷಾ ಹತ್ತಿದ್ದು ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಉಳಿದದ್ದೆಲ್ಲ ಕಾಲ್ನಡಿಗೆ. ಸಿದ್ಧೇಶ್ವರ ಗುಡಿಗೆ ನಿಧಾನ ನಡೆದರೂ ಕಾಲು ತಾಸಿಗೆ ಸ್ವಲ್ಪ ಮೇಲೆ. ಭಾನುವಾರ ಬೆಳಿಗ್ಗೆ ಒದ್ದೆ ತಲೆಯಲ್ಲೇ ಹೊರಟೆವು. ಕೆರೆಯ ನಡುವೆ ಗುಡಿ, ಪಕ್ಕದಲ್ಲೇ ಭುಯಿಕೋಟ ಕೋಟೆ. ಇದು ನಮ್ಮ ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೇ ಶತಮಾನದಲ್ಲಿ ಕೆರೆ ಕಟ್ಟಿಸಿದವನು, 68 ಲಿಂಗ ಸ್ಥಾಪಿಸಿದವನು, ಕನ್ನಡದಲ್ಲಿ ವಚನ ಬರೆದವನು. ಅವನ ಗದ್ದುಗೆಯ ಮುಂದೆ ನಿಂತು ವಿಜಯಪುರದವಳು ಕೈಮುಗಿದಳು. “ಅಪ್ಪಾ, ಕೆರಿ ಕಟ್ಟಿಸಿದಿ, ಒಂದು ಪೈಪೂ ಹಾಕಿಸಿಬಿಡಬೇಕಿತ್ತು.” ಅವಳ ತಲೆಯಲ್ಲಿ ಸೀಗೆಕಾಯಿ ಪುಡಿ ಇನ್ನೂ ಉಳಿದಿತ್ತು.

ವಾಪಸ್ ಬರುವಾಗ ‘ನಾಲ್ಕು ಹುತಾತ್ಮರ ಚೌಕ’ದಲ್ಲಿ ಎಲ್ಲರೂ ನಿಂತೆವು. ಪುಣೆಯವಳು ಇಷ್ಟು ವರ್ಷ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡಿದ್ದಾಳೆ, ಹೆಸರು ಯಾರದು ಅಂತ ಕೇಳಿರಲಿಲ್ಲವಂತೆ. 1930ರಲ್ಲಿ ಸೊಲ್ಲಾಪುರ ಬ್ರಿಟಿಷರ ಮಾತು ಕೇಳುವುದನ್ನೇ ಬಿಟ್ಟಿತ್ತು. ಅವರು ಮಾರ್ಷಲ್ ಲಾ ಹಾಕಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ನಾಲ್ವರನ್ನೂ ಗಲ್ಲಿಗೇರಿಸಿದರು. ನಮ್ಮ ಶಾಲೆಯಲ್ಲಿ ಗುರುಗಳು ಈ ನಾಲ್ಕು ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ಕಲಬುರಗಿಯವಳು ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿದಳು, ಅದೇ ಶಾಲೆಯ ರಾಗದಲ್ಲಿ.

ಮಧ್ಯಾಹ್ನ ಇಬ್ಬರು ಮಂಡಿ ನೋವಿನವರು ಲಾಡ್ಜಿಗೆ ಹೋಗಿ ಮಲಗಿದರು. ಉಳಿದವರು ಮಂಗಳವಾರ ಪೇಠದಲ್ಲಿ ಸುತ್ತಿದೆವು. ಚಾದರ ಕೊಂಡೆವು, ಶೇಂಗಾ ಚಟ್ನಿ ಕೊಂಡೆವು, ಕಡಕ್ ರೊಟ್ಟಿಯ ಕಟ್ಟು ಕೊಂಡೆವು. ಚೀಲ ಭಾರವಾದಾಗಲೆಲ್ಲ ಒಬ್ಬಳು ಹೋಗಿ ಖೋಲಿಯಲ್ಲಿ ಇಟ್ಟು ಬರುತ್ತಿದ್ದಳು. ಊರ ನಡುವೆ ಇಳಿದುಕೊಳ್ಳುವುದರ ಸುಖ ಅದೇ ಅಲ್ವಾ? ಜುಳೆ ಸೊಲ್ಲಾಪುರದ ಆಚೆಯ ದೊಡ್ಡ ಟಿವಿಯನ್ನು ಯಾರೂ ನೆನೆಸಲಿಲ್ಲ.

ಗಚ್ಚಿಯ, ಅಂದರೆ ಮೇಲಿನ ತಾರಸಿಯ ಬಗ್ಗೆ ಹೇಳಬೇಕು. ಗುಂಪಾಗಿ ಹೋದವರಿಗೆ ರಾತ್ರಿ ಒಟ್ಟಿಗೆ ಕೂರಲು ಒಂದು ಜಾಗ ಬೇಕು. ನಾಲ್ಕು ಮಂಚದ ಖೋಲಿಯಲ್ಲಿ ಒಂಬತ್ತು ಜನ ಕೂತರೆ ಎಸ್‌ಟಿ ಗಾಡಿಯ ಹಾಗಾಗುತ್ತದೆ. ಗಚ್ಚಿಗೆ ಬೀಗ ಇತ್ತು. ಕೇಳಿದ್ದಕ್ಕೆ ಮ್ಯಾನೇಜರ್ ಕೀಲಿ ಕೊಟ್ಟರು, ಹನ್ನೊಂದರವರೆಗೆ ಅಂತ ಕರಾರು ಹಾಕಿ. ಸೋಲಾರ್ ಫಲಕಗಳ ನಡುವೆ ಹೊಸ ಚಾದರ ಹಾಸಿ, ಇನ್ನೆರಡನ್ನು ಹೊದ್ದು ಕೂತೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ. ಇಂಡಿಯವಳು ಹೊಲದಿಂದ ಸೀತನಿ (ಸುಟ್ಟ ಎಳೆ ಜೋಳ) ತಂದಿದ್ದಳು, ತಣ್ಣಗಾಗಿತ್ತು, ಆದರೂ ಬಿಡಲಿಲ್ಲ. ಏಳನೇ ಇಯತ್ತೆಯಲ್ಲಿ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗಿ ಗುಡಿಯ ಕಟ್ಟೆಯ ಮೇಲೆ ಮಲಗಿದ್ದೆವಲ್ಲ, ಆಮೇಲೆ ಇದೇ ಎಲ್ಲರೂ ಒಂದು ಸೂರಿನಡಿ ಮಲಗುವುದು. ಹನ್ನೊಂದಕ್ಕೆ ಹುಡುಗ ಬಂದು ಬಾಗಿಲ ಹತ್ತಿರ ಕೆಮ್ಮಿದ. ಹನ್ನೊಂದೂವರೆಗೆ ಮತ್ತೆ ಕೆಮ್ಮಿದ. ಮೂರನೇ ಕೆಮ್ಮಿಗೆ ಎದ್ದೆವು.

ಪುಣೆಯವಳ ಮಾತು ಬಿಟ್ಟುಹೋಯಿತು. ಅವಳ ಗಾಡಿ ಶುಕ್ರವಾರ ರಾತ್ರಿಯೇ ಬಂದಿತ್ತು. ಒಬ್ಬಳೇ ಲಾಡ್ಜು ಹುಡುಕುವುದು ಬೇಡ ಅಂತ ಸ್ಟೇಷನ್ನಿನ ರಿಟೈರಿಂಗ್ ರೂಮಿನಲ್ಲಿ ಮಲಗಿದಳು. ರೈಲು ಟಿಕೆಟ್ಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಮೊದಲೇ ಬುಕ್ ಮಾಡಬಹುದು. ತಡರಾತ್ರಿ ಒಂಟಿಯಾಗಿ ಇಳಿಯುವ ಹೆಂಗಸಿಗೆ ಇದಕ್ಕಿಂತ ನಿಶ್ಚಿಂತೆಯ ಜಾಗ ಇಲ್ಲ ಅನ್ನುತ್ತಾಳೆ. ರಾತ್ರಿಯಿಡೀ ಗಾಡಿಗಳ ಅನೌನ್ಸ್‌ಮೆಂಟ್ ಕೇಳುತ್ತದೆ ಅಷ್ಟೇ. ಬಸ್ಸಿನಲ್ಲಿ ಬರುವ ನಮ್ಮಂಥವರಿಗೆ ಅದು ಸಿಗುವುದಿಲ್ಲ.

ಸೋಮವಾರ ಹತ್ತಕ್ಕೆ ಕೆಳಗೆ ಬಂದು ಲೆಕ್ಕ ಮುಗಿಸಿದೆವು. ದಿಂಬಿನ ವಿಷಯ ಹೇಳಿದೆ. ಮ್ಯಾನೇಜರ್ ಒಂದು ಚೀಟಿಯಲ್ಲಿ “ದಿಂಬು” ಅಂತ ಬರೆದುಕೊಂಡರು, ಕನ್ನಡದಲ್ಲೇ. ನಂತರ ಕೇಳಿದರು, “ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಜಾತ್ರಿಗೆ ಬರ್ತೀರೇನ್ರಿ? ಬರೂದಿದ್ರ ಈಗ ಹೇಳ್ರಿ. ನಂದಿಕೋಲು ಹೊಂಟ ದಿನ ಈ ಊರಾಗ ಕಟ್ಟಿ ಮ್ಯಾಲೂ ಜಾಗ ಸಿಗಂಗಿಲ್ಲ.”

ಇಂಡಿಯವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು. ಮ್ಯಾನೇಜರರ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡು, ಮೊಬೈಲ್ ತೆಗೆದು, ಬರೆದು ನನಗೆ ತೋರಿಸಿದಳು. “ಆವಾಗ ರೇಟ್ ಎಷ್ಟ ಅಂತ ಕೇಳು.”